1941ರ ಎರಡು ಚಿತ್ರಗಳು: ಗೆದ್ದದ್ದನ್ನು ನೋಡುವುದೋ, ಸೋತದ್ದನ್ನೋ?

ಕಾರವಾರದಲ್ಲಿ ರಜೆಯ ಸಂಜೆಗೆ ಒಂದೇ ಹಳೆಯ ಚಿತ್ರವನ್ನು ಆರಿಸಬೇಕಾದವರಿಗಾಗಿ ಈ ಹೋಲಿಕೆ. ‘ಸಿಟಿಜನ್ ಕೇನ್’ 9 ವಿಭಾಗಗಳಲ್ಲಿ ನಾಮನಿರ್ದೇಶನಗೊಂಡರೂ ಚಿತ್ರಕಥೆಗೆ ಮಾತ್ರ ಆಸ್ಕರ್ ಪಡೆಯಿತು. ಜಾನ್ ಫೋರ್ಡರ ‘ಹೌ ಗ್ರೀನ್ ವಾಸ್ ಮೈ ವ್ಯಾಲಿ’ ಅತ್ಯುತ್ತಮ ಚಿತ್ರವೂ ಸೇರಿ 5 ಪ್ರಶಸ್ತಿಗಳನ್ನು ಗೆದ್ದಿತು. ಸಿನಿಮಾ ಕಟ್ಟುವ ಬಗೆಯನ್ನು ಅರಿಯಬಯಸುವವರು ಮೊದಲನೆಯದನ್ನೇ ನೋಡಬೇಕು: ಹತ್ತಿರದ ಮುಖವೂ ದೂರದ ಕಿಟಕಿಯೂ ಒಂದೇ ಚೌಕಟ್ಟಿನಲ್ಲಿ ಸ್ಪಷ್ಟವಾಗಿ ಕಾಣುವ ಗ್ರೆಗ್ ಟೋಲ್ಯಾಂಡರ ಛಾಯಾಗ್ರಹಣಕ್ಕೆ ಪ್ರಶಸ್ತಿ ತಪ್ಪಿ, ಅದೂ ಫೋರ್ಡರ ಚಿತ್ರದ ಪಾಲಾದದ್ದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ. ಹಾಗೆಂದು ಗೆದ್ದ ಚಿತ್ರವನ್ನು ಬದಿಗೆ ಸರಿಸಬಾರದು. ಕಲ್ಲಿದ್ದಲ ಗಣಿಯಿಂದ ಕಣಿವೆ ಕಪ್ಪಾಗಿ, ಕೆಲಸ ಹುಡುಕುತ್ತ ಮನೆಯ ಮಕ್ಕಳು ದೂರ ದೇಶಗಳಿಗೆ ಚದುರುವ ಆ ಕಥೆ, ಸೂಪಾ ಅಣೆಕಟ್ಟಿಗೂ ಸೀಬರ್ಡ್ ನೌಕಾನೆಲೆಗೂ ಊರು ಬಿಟ್ಟುಕೊಟ್ಟ ನಮ್ಮ ಜಿಲ್ಲೆಯವರ ಮನಸ್ಸಿಗೆ ಬೇಗ ತಟ್ಟುತ್ತದೆ. ಮನೆಮಂದಿಯೊಂದಿಗೆ ಕುಳಿತು ನೋಡುವುದಾದರೆ ನಾನು ಇದನ್ನೇ ಆರಿಸುವೆ.