ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಮಾಡಿಸಿದೆವು: ಸ್ಕ್ಯಾನ್‌ಗೆ ಪೂರ್ತಿ ಅಂಕ, ಸೆಂಟರ್‌ಗೆ ಅಷ್ಟಿಲ್ಲ

ನಮ್ಮ ಯಜಮಾನರಿಗೆ ಪ್ರಾಸ್ಟೇಟ್ ಕ್ಯಾನ್ಸರ್. ಬೆಂಗಳೂರಿನ ಒಂದು ಖಾಸಗಿ ಸೆಂಟರ್‌ನಲ್ಲಿ ಅವರಿಗೆ ಪಿಎಸ್‌ಎಂಎ ಪೆಟ್ ಸಿಟಿ, ಅಂದರೆ ಈ ಕ್ಯಾನ್ಸರ್ ಮೈಯಲ್ಲಿ ಎಲ್ಲೆಲ್ಲಿ ಇದೆ ಅಂತ ಹುಡುಕುವ ಸ್ಕ್ಯಾನ್, ಮಾಡಿಸಿದೆವು. ಇದರ ಬಗ್ಗೆ ಕನ್ನಡದಲ್ಲಿ ಹುಡುಕಿದಾಗ ನನಗೆ ಕೆಲಸಕ್ಕೆ ಬರುವಂಥದ್ದು ಹೆಚ್ಚೇನೂ ಸಿಗಲಿಲ್ಲ. ನನ್ನ ಹಾಗೆ ಫೈಲ್ ಹಿಡಿದು ಓಡಾಡುವ ಹೆಂಗಸರಿಗೆ ಉಪಯೋಗವಾಗಲಿ ಅಂತ ಬರೀತಿದ್ದೇನೆ.

ನಾವು ಹಾಸನದವರು. ಇವರು ಕೆಇಬಿ ಲೈನ್‌ಮನ್ ಆಗಿದ್ದು ರಿಟೈರ್ ಆದವರು, ವಯಸ್ಸು 67, ಶುಗರ್ ಇದೆ. ಪ್ರಾಸ್ಟೇಟ್ ತೊಂದರೆ ಇದ್ದರೆ ರಕ್ತದಲ್ಲಿ ಏರುವ ಪಿಎಸ್‌ಎ ಇವರಿಗೆ 23 ಬಂತು, ಅದು ಜಾಸ್ತಿ. ಎಂಆರ್‌ಐನಲ್ಲಿ ಪೈರಾಡ್ಸ್ 5, ಅಂದರೆ ಅನುಮಾನದ ಮೇಲಿನ ಮೆಟ್ಟಿಲು. ಆ ಜಾಗಕ್ಕೇ ಗುರಿಯಿಟ್ಟು ಬಯಾಪ್ಸಿ ಮಾಡಿದರು. ಗ್ಲೀಸನ್ 4+4, ಅಂದರೆ ಜೋರಾಗಿ ಬೆಳೆಯುವ ಥರದ ಕ್ಯಾನ್ಸರ್.

ಊರಲ್ಲಿ ತೋರಿಸಿದ ಡಾಕ್ಟರು, 'ಬೋನ್ ಸ್ಕ್ಯಾನ್, ಸಿಟಿ ಮಾಡಿಸಿ, ಹಾರ್ಮೋನ್ ಇಂಜೆಕ್ಷನ್ ಇವತ್ತೇ ಶುರು ಮಾಡೋಣ' ಅಂದಿದ್ದರು. ಬೆಂಗಳೂರಿನ ಕ್ಯಾನ್ಸರ್ ಡಾಕ್ಟರು ಎರಡನ್ನೂ ತಡೆದರು. ಹಾರ್ಮೋನ್ ಇಂಜೆಕ್ಷನ್ ಬಿದ್ದರೆ ಸ್ಕ್ಯಾನ್‌ನಲ್ಲಿ ಕಾಣುವ ಚಿತ್ರ ಬದಲಾಗಬಹುದು, ಅದಕ್ಕೇ ಮೊದಲು ಸ್ಕ್ಯಾನ್ ಅಂದರು. ಬೋನ್ ಸ್ಕ್ಯಾನ್ ಯಾಕೆ ಬೇಡ ಅಂತ ಕೇಳಿದೆ. ಆಸ್ಟ್ರೇಲಿಯಾದಲ್ಲಿ ಇವರ ಹಾಗೇ ಜೋರಾದ ಕಾಯಿಲೆ ಇದ್ದ 302 ಗಂಡಸರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದ್ದರಂತೆ. 2020ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಧ್ಯಯನ, ಹೆಸರು ಪ್ರೊಪಿಎಸ್‌ಎಂಎ. ಹರಡಿದೆಯೋ ಇಲ್ಲವೋ ಅನ್ನೋದನ್ನು ಹಳೇ ಜೋಡಿ, ಅಂದರೆ ಸಿಟಿ ಮತ್ತು ಬೋನ್ ಸ್ಕ್ಯಾನ್, ಸರಿಯಾಗಿ ಹೇಳಿದ್ದು ಶೇ. 65ರಷ್ಟು. ಪಿಎಸ್‌ಎಂಎ ಹೇಳಿದ್ದು ಶೇ. 92ರಷ್ಟು. ರೇಡಿಯೇಷನ್ ಕೂಡ ಅರ್ಧಕ್ಕಿಂತ ಕಡಿಮೆ: 19.2 ಎಲ್ಲಿ, 8.4 ಮಿಲಿಸೀವರ್ಟ್ ಎಲ್ಲಿ. ಇವರು ಪಕ್ಕದಲ್ಲಿ ಕೂತು ಕೇಳಿಸಿಕೊಂಡು, 'ಫಾಲ್ಟ್ ಎಲ್ಲಿದೆ ಅಂತ ಗೊತ್ತಾಗ್ದೆ ಕಂಬ ಹತ್ತಿ ಏನು ಮಾಡೋದು, ಅದನ್ನೇ ಮಾಡಿಸೋಣ ಕಣೆ' ಅಂದರು.

ಸ್ಕ್ಯಾನ್ ಕೆಲಸ ಮಾಡೋದು ಹೀಗೆ. ಪ್ರಾಸ್ಟೇಟ್ ಕ್ಯಾನ್ಸರ್ ಕಣಗಳ ಮೈಮೇಲೆ ಪಿಎಸ್‌ಎಂಎ ಅನ್ನೋ ಪ್ರೋಟೀನ್ ಜಾಸ್ತಿ ಇರುತ್ತದೆ. ಅದಕ್ಕೆ ಹೋಗಿ ಅಂಟಿಕೊಳ್ಳುವ ಒಂದು ಔಷಧಿಗೆ ಗ್ಯಾಲಿಯಂ-68 ಅನ್ನೋ ರೇಡಿಯೇಷನ್ ಬಿಡುವ ವಸ್ತು ಸೇರಿಸಿ ರಕ್ತನಾಳಕ್ಕೆ ಕೊಡುತ್ತಾರೆ. ಮೈಯಲ್ಲಿ ಎಲ್ಲೆಲ್ಲಿ ಅಂಥ ಕಣ ಗುಂಪಾಗಿದೆಯೋ ಅಲ್ಲಿ ಅದು ಸೇರುತ್ತದೆ, ಪೆಟ್ ಮೆಷಿನ್ ಅದನ್ನು ಹಿಡಿಯುತ್ತದೆ. ಗ್ಯಾಲಿಯಂ 68 ನಿಮಿಷಕ್ಕೆ ಅರ್ಧ ಆಗಿಬಿಡುತ್ತದೆ. ಹಾಗಾಗಿ ಕೊಟ್ಟ ಟೈಮಿಗೆ ಹೋಗಲೇಬೇಕು. ನಾವು ಬೆಳಗಿನ ಜಾವದ ಬಸ್ ನಂಬದೆ ಹಿಂದಿನ ರಾತ್ರಿಯೇ ನಾದಿನಿ ಮನೆಗೆ ಬಂದು ಉಳಿದುಕೊಂಡೆವು.

ಈಗ ಸೆಂಟರ್ ವಿಷಯ. ಫೋನಿನಲ್ಲಿ ಮಾತಾಡಿದ ಹುಡುಗಿ, 'ಆರು ಗಂಟೆ ಖಾಲಿ ಹೊಟ್ಟೇಲಿ ಬನ್ನಿ' ಅಂದಳು. ಶುಗರ್ ಇದೆ ಅಂದರೂ ಅದೇ ಮಾತು. ಅಲ್ಲಿಗೆ ಹೋದ ಮೇಲೆ ಟೆಕ್ನಿಷಿಯನ್, 'ಅದು ಗ್ಲೂಕೋಸ್ ಕೊಟ್ಟು ಮಾಡೋ ಪೆಟ್‌ಗೆ ಅಂಕಲ್, ಇದಕ್ಕೆ ಉಪವಾಸ ಬೇಕಿಲ್ಲ, ತಿಂಡಿ ತಿನ್ಕೊಂಡು ಬನ್ನಿ' ಅಂದರು. ಇವರಿಗೆ ಅಷ್ಟು ಹೊತ್ತಿಗೆ ಕೈ ನಡುಗೋಕೆ ಶುರುವಾಗಿತ್ತು. ವಯಸ್ಸಾದವರೇ ಜಾಸ್ತಿ ಬರುವ ಸ್ಕ್ಯಾನ್ ಇದು, ಅವರಲ್ಲಿ ಶುಗರ್ ಇರೋರೂ ಇರುತ್ತಾರೆ. ಯಾವ ಪೆಟ್‌ಗೆ ಏನು ಹೇಳಬೇಕು ಅನ್ನೋದನ್ನು ಫೋನ್ ಎತ್ತುವವರಿಗೆ ಕಲಿಸಲೇಬೇಕು. ಬುಕ್ ಮಾಡುವಾಗ 'ಪಿಎಸ್‌ಎಂಎ' ಅಂತ ಒತ್ತಿ ಹೇಳಿ, ಊಟದ ಬಗ್ಗೆ ಅಲ್ಲಿನ ಡಾಕ್ಟರನ್ನೇ ಕೇಳಿ.

ಇಂಜೆಕ್ಷನ್ ಕೊಟ್ಟ ಸಿಸ್ಟರ್ ಕೈ ಮಾತ್ರ ತುಂಬಾ ಹಗುರ. ಒಂದೇ ಸಲಕ್ಕೆ ನರ ಸಿಕ್ಕಿತು. ಆಮೇಲೆ ಸುಮಾರು ಒಂದು ಗಂಟೆ ಕಾಯಿಸಿ, ನೀರು ಕುಡಿಯಿರಿ, ಮೂತ್ರ ಮಾಡಿ ಬನ್ನಿ ಅನ್ನುತ್ತಾರೆ. ಔಷಧಿ ಮೂತ್ರದಲ್ಲಿ ಹೊರಗೆ ಬರುತ್ತದೆ. ಚೀಲ ತುಂಬಿದ್ದರೆ ಪಕ್ಕದಲ್ಲೇ ಇರೋ ಪ್ರಾಸ್ಟೇಟ್ ಸರಿಯಾಗಿ ಕಾಣೋದಿಲ್ಲ.

ನನಗೆ ಸಿಟ್ಟು ಬಂದಿದ್ದು ಇಲ್ಲೇ. ಇಂಜೆಕ್ಷನ್ ಆದವರು ಹೊರಗಿನ ಟಾಯ್ಲೆಟ್‌ಗೆ ಹೋಗೋ ಹಾಗಿಲ್ಲ, ಒಳಗೆ ಅವರಿಗೇ ಅಂತ ಬೇರೆ ಇರುತ್ತದೆ. ಆ ನಿಯಮ ಸರಿ. ಆದರೆ ಆ ಒಳಗಿನ ಟಾಯ್ಲೆಟ್ ಒಂದೇ ಒಂದು. ಒಳಗೆ ನಾಲ್ಕು ಕುರ್ಚಿ, ನಾಲ್ಕರಲ್ಲೂ ಇವರ ವಯಸ್ಸಿನವರೇ, ನಾಲ್ವರ ಕೈಯಲ್ಲೂ ನೀರಿನ ಬಾಟ್ಲಿ. ಪ್ರಾಸ್ಟೇಟ್ ತೊಂದರೆ ಇರೋರಿಗೆ ತಡೆದುಕೊಳ್ಳೋಕೆ ಆಗಲ್ಲ ಅಂತ ಆ ಸೆಂಟರ್‌ನವರಿಗೆ ಗೊತ್ತಿಲ್ವಾ? ಒಬ್ಬರು ಹಿರಿಯರು ಬಾಗಿಲ ಹತ್ತಿರ ಗೋಡೆ ಹಿಡಿದು ನಿಂತಿದ್ದರು. ಪಂಚೆ ಒದ್ದೆಯಾಗಿತ್ತು. ಬದಲಿಸೋಕೆ ಒಂದು ಗೌನ್ ಕೊಡಿ ಅಂತ ಇವರೇ ಎದ್ದು ಹೋಗಿ ಕೇಳಬೇಕಾಯಿತು. ಮನೆಯಿಂದ ಒಂದು ಜೊತೆ ಬಟ್ಟೆ ತಗೊಂಡು ಹೋಗಿ, ಯಾರೂ ಇದನ್ನು ಹೇಳೋದಿಲ್ಲ.

ಮೆಷಿನ್‌ನಲ್ಲಿ ಮಲಗಿದ್ದು ಸುಮಾರು ಅರ್ಧ ಗಂಟೆ. ಎಂಆರ್‌ಐ ಥರ ಸದ್ದಿಲ್ಲ. ಆವತ್ತು ಸಂಜೆವರೆಗೆ ಮೊಮ್ಮಗಳನ್ನು ಎತ್ತಿಕೊಳ್ಳಬೇಡಿ ಅಂದರು.

ರಿಪೋರ್ಟ್ ಮಾರನೇ ದಿನ ಸಿಕ್ಕಿತು. ಅದನ್ನು ಬರೆದ ನ್ಯೂಕ್ಲಿಯರ್ ಮೆಡಿಸಿನ್ ಡಾಕ್ಟರಮ್ಮನ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ನಮ್ಮನ್ನು ಕರೆದು ಕಂಪ್ಯೂಟರ್ ಮುಂದೆ ಕೂರಿಸಿದರು. ಆ ಚಿತ್ರ ನೋಡಿದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ: ಕಿವಿಯ ಕೆಳಗೆ ಕಪ್ಪು, ದವಡೆ ಹತ್ತಿರ ಕಪ್ಪು, ಎರಡು ಕಿಡ್ನಿ ಕರೀ ಕಲ್ಲಿನ ಹಾಗೆ. 'ಹೆದರಬೇಡಿ ಅಮ್ಮಾ, ಜೊಲ್ಲು ಗ್ರಂಥಿ, ಕಿಡ್ನಿ, ಸಣ್ಣ ಕರುಳು ಎಲ್ಲರಲ್ಲೂ ಹೀಗೇ ಕಾಣುತ್ತೆ, ಅದು ಕಾಯಿಲೆ ಅಲ್ಲ' ಅಂತ ನಾನು ಕೇಳುವ ಮೊದಲೇ ಹೇಳಿದರು. ಆಮೇಲೆ ಮೌಸ್ ಇಟ್ಟು ತೋರಿಸಿದ್ದು ಸೊಂಟದ ಬಲಗಡೆ ಒಂದು ಚಿಕ್ಕ ಚುಕ್ಕೆ. ಲಿಂಫ್ ಗಂಟು, ಬರೀ 5 ಮಿಲಿಮೀಟರ್. ಬರೀ ಸಿಟಿಯಲ್ಲಾದರೆ ಸುಮಾರು 8ರಿಂದ 10 ಮಿಲಿಮೀಟರ್ ದಾಟಿದ ಗಂಟನ್ನೇ ಅನುಮಾನಿಸೋದಂತೆ. ಇದು ನಾರ್ಮಲ್ ಅಂತ ದಾಟಿಹೋಗುತ್ತಿತ್ತು.

ಎಡ ಪಕ್ಕೆಲುಬಿನಲ್ಲೂ ಮಸುಕಾಗಿ ಒಂದು ಗುರುತು ಇತ್ತು. ರಿಪೋರ್ಟಿನಲ್ಲಿ ಅದನ್ನು ಓದಿದಾಗಿನಿಂದ ನನಗೆ ಅದೇ ಚಿಂತೆ. ಪಕ್ಕೆಲುಬಲ್ಲಿ ಇಂಥ ಮಸುಕು ಗುರುತು ಎಷ್ಟೋ ಜನಕ್ಕೆ ಸುಮ್ನೆ ಬರುತ್ತೆ, ಸಿಟಿಯಲ್ಲಿ ಮೂಳೆ ಚೆನ್ನಾಗಿದೆ, ಇದನ್ನು ಹರಡಿದೆ ಅಂತ ಲೆಕ್ಕ ಹಾಕಲ್ಲ ಅಂದರು. ಇದು ದೊಡ್ಡ ಮಾತು. ಮೂಳೆಗೆ ಹೋಗಿದೆ ಅಂತ ಬರೆದಿದ್ದರೆ ಇವರ ಚಿಕಿತ್ಸೆಯ ದಾರಿಯೇ ಬೇರೆ ಆಗುತ್ತಿತ್ತು. ಈ ಸ್ಕ್ಯಾನ್ ಕೂಡ ದೇವರಲ್ಲ, ಕೆಲವರ ಕ್ಯಾನ್ಸರ್‌ಗೆ ಪಿಎಸ್‌ಎಂಎ ಪ್ರೋಟೀನ್ ಅಷ್ಟಾಗಿ ಇರೋದೇ ಇಲ್ಲ, ಅಂಥವರಲ್ಲಿ ಕಾಣದೇ ಹೋಗಬಹುದು ಅಂತಲೂ ಅವರೇ ಹೇಳಿದರು. ಮೆಷಿನ್ ಎಷ್ಟು ಹೊಸದು ಅಂತ ಕೇಳೋದಕ್ಕಿಂತ ಓದುವವರು ಯಾರು ಅಂತ ಕೇಳಿ.

ಖರ್ಚು 20 ಸಾವಿರ ದಾಟಿತು. ನಮ್ಮಂಥವರಿಗೆ ಕಡಿಮೆ ದುಡ್ಡಲ್ಲ. ಆದರೂ ಕೊಟ್ಟಿದ್ದಕ್ಕೆ ಬೇಜಾರಿಲ್ಲ. ರೇಡಿಯೇಷನ್ ಡಾಕ್ಟರು ಆ ಗಂಟನ್ನೂ ಸೇರಿಸಿ ಪ್ಲಾನ್ ಮಾಡಿದ್ದಾರೆ, ಹಾರ್ಮೋನ್ ಇಂಜೆಕ್ಷನ್ ಈಗ ಶುರುವಾಗಿದೆ. ರೇಡಿಯೇಷನ್ ಡಾಕ್ಟರಿಗೆ ಬೇಕಾಗಿದ್ದು ಸ್ಕ್ಯಾನ್ ಚಿತ್ರಗಳಿರುವ ಸಿಡಿ. ಕೌಂಟರ್‌ನಲ್ಲಿ ಬರೀ ಫಿಲ್ಮ್ ಕೊಟ್ಟು ಕಳಿಸೋಕೆ ನೋಡುತ್ತಾರೆ, ಸಿಡಿ ಕೇಳಿ ತಗೊಳ್ಳಿ.

ಮುಂದೆ ಬೇಕಾದರೂ ಅದೇ ಡಾಕ್ಟರಮ್ಮನ ಹತ್ತಿರವೇ ಹೋಗುತ್ತೇವೆ. ಟಾಯ್ಲೆಟ್ ವಿಷಯ ಮ್ಯಾನೇಜರ್‌ಗೆ ಬರೆದು ಕೊಟ್ಟು ಬಂದಿದ್ದೇನೆ. ನೀವು ಹೋದರೆ ನೀವೂ ಬರೆದು ಕೊಡಿ, ನಾಲ್ಕು ಜನ ಕೇಳಿದರೆ ಮಾಡಿಸುತ್ತಾರೆ.