ಕಿಂಡಿ ಅಣೆಕಟ್ಟಿನ ಫೈಬರ್ ಹಲಗೆ: ಕೊಳ್ಳಬಹುದು, ಆದರೆ ಕೆಳಗಿನ ತೋಟ ನೋಡಿಕೊಂಡು

ಕಾಸರಗೋಡಿನ ಹೊಳೆ-ತೋಡುಗಳ ಕಿಂಡಿ ಅಣೆಕಟ್ಟಿಗೆ (ಕಂಬಗಳ ನಡುವಿನ ಕಿಂಡಿಗೆ ಹಲಗೆ ಇಳಿಸಿ ಬೇಸಗೆಗೆ ನೀರು ನಿಲ್ಲಿಸುವ ಕಟ್ಟ) ಮರದ ಹಲಗೆಯ ಬದಲು ಫೈಬರ್ ಹಲಗೆ, ಅಂದರೆ ಗಾಜಿನ ನಾರು, ರೆಸಿನ್ (ಅಂಟು) ಸೇರಿಸಿ ಮಾಡಿದ ಹಲಗೆ, ಬರುತ್ತಿದೆ. ಗೆದ್ದಲು ಹಿಡಿಯದು, ಕೊಳೆಯದು, ಇಬ್ಬರು ಎತ್ತಿ ಇಳಿಸಬಹುದು. ಮಾಲು ಒಳ್ಳೆಯದೇ. ಆದರೆ ಅಂಚಿಗೆ ರಬ್ಬರ್ ಪಟ್ಟಿ ಇಲ್ಲದ್ದನ್ನು ಕೊಳ್ಳಲೇಬೇಡಿ. ಮರ ನೀರು ಕುಡಿದು ಉಬ್ಬಿ ಸಂದನ್ನು ತಾನೇ ಮುಚ್ಚಿಕೊಳ್ಳುತ್ತದೆ, ಫೈಬರ್ ಉಬ್ಬುವುದಿಲ್ಲ.

ತಳದ ಹಲಗೆಯನ್ನು ವಿಶೇಷವಾಗಿ ನೋಡಿ. 2 ಮೀಟರ್ ನೀರು ನಿಂತರೆ, 2 ಮೀಟರ್ ಅಗಲದ ಕಿಂಡಿಯಲ್ಲಿ 30 ಸೆಂ.ಮೀ. ಎತ್ತರದ ತಳದ ಹಲಗೆಯ ಮೇಲೆ ಸುಮಾರು 1,100 ಕಿಲೋ ಭಾರ ಬೀಳುತ್ತದೆ. ತೆಳು ಹಲಗೆ ನಡುವೆ ಬಾಗಿ, ಮೇಲಿನದರೊಂದಿಗೆ ಸಂದು ಬಿಡುತ್ತದೆ. ಬಾಗದಂತೆ ಹಿಂಬದಿ ಪಕ್ಕೆ (ಉಬ್ಬುಪಟ್ಟಿ) ಕೊಟ್ಟದ್ದನ್ನೇ ಕೇಳಿ. ಇಳಿಸುವ ಮೊದಲು ಹೊಸ್ತಿಲಿನ ಮರಳು, ಜಲ್ಲಿಯನ್ನು ಕೈಯಲ್ಲೇ ಬಳಿದು ತೆಗೆಯಿರಿ. ಒಂದು ಕಲ್ಲು ಉಳಿದರೂ ಹಲಗೆ ಕೂರುವುದಿಲ್ಲ, ಅಲ್ಲಿಂದ ನುಗ್ಗುವ ನೀರು ಬುಡವನ್ನೇ ಕೊರೆಯುತ್ತದೆ.

ಉಪ್ಪುನೀರು ಏರುವ ಕಡೆ, ಅಂದರೆ ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳ ಕೆಳಭಾಗದಲ್ಲಿ, ಇನ್ನೊಂದು ತೊಡಕಿದೆ. ಸಾಮಾನ್ಯ ಹಲಗೆಯ ರಬ್ಬರ್ ಒಂದೇ ಮಗ್ಗುಲಿಗೆ, ಮೇಲಿನ ನೀರು ಒತ್ತಿದಾಗ ಮಾತ್ರ ಹಿಡಿಯುತ್ತದೆ. ಭರತದಲ್ಲಿ (ಕಡಲು ಉಬ್ಬಿದಾಗ) ಕಡಲ ಕಡೆಯ ನೀರು ಮೇಲಾದರೆ ಹಲಗೆ ಹಿಂದೆ ಸರಿದು ಉಪ್ಪು ಒಳಗೆ ಬರುತ್ತದೆ. ಎರಡೂ ಮುಖಕ್ಕೆ ರಬ್ಬರ್ ಬೇಕು, ಇಲ್ಲವೇ ಕಂಬದ ಚಾನಲ್‌ಗೆ ಬೆಣೆ ಹೊಡೆಯಬೇಕು. ಹೊಳೆಯಿಂದ ಪಂಪ್ ಹಾಕುವವರು ನೀರಿನ ಉಪ್ಪಿನಂಶ ತೋರಿಸುವ ಇಸಿ ಮೀಟರ್ ಇಟ್ಟುಕೊಳ್ಳಲಿ: ಮೀಟರಿಗೆ 3 ಡೆಸಿಸೀಮೆನ್ಸ್ ದಾಟಿದ ನೀರನ್ನು ಅಡಿಕೆಗೆ ಬಿಡಬೇಡಿ.

ನಮಗೆ ಹೆಚ್ಚು ಆತಂಕ ಇರುವುದು ಇದರ ಬಿಗಿಯ ಬಗ್ಗೆಯೇ. ಹಳೆಯ ಮಣ್ಣಿನ ಕಟ್ಟ, ಮರದ ಹಲಗೆ ಸೋರುತ್ತಿದ್ದವು. ಆ ಸೋರಿಕೆಯೇ ಕೆಳಗಿನ ತೋಟದ ಪಾಲು. ಹನಿ ನೀರಾವರಿಯಲ್ಲೂ ಬೇಸಗೆಯಲ್ಲಿ ಅಡಿಕೆ ಮರವೊಂದಕ್ಕೆ ದಿನಕ್ಕೆ 16-20 ಲೀಟರ್ ಬೇಕು. ಫೈಬರ್ ಹಾಕಿ ಒಂದೇ ದಿನ ಎಲ್ಲ ಕಿಂಡಿ ಮುಚ್ಚಿದರೆ, ಕಟ್ಟ ತುಂಬುವವರೆಗೆ ಕೆಳಗೆ ಒರತೆ ನೀರಷ್ಟೇ ಗತಿ. ಹಾಗಾಗಿ ಒಂದು ಸಾಲು ಹಲಗೆ ಇಳಿಸಿ, ನೀರು ಮೇಲಿಂದ ಹರಿದ ಮೇಲೆಯೇ ಮುಂದಿನ ಸಾಲು. ಒಂದು ಕಿಂಡಿಯ ತಳದ ಹಲಗೆಗೆ ವಾಲ್ವ್ ಇರುವ 4 ಇಂಚಿನ ಪೈಪು ಕೂರಿಸಿಕೊಡಲು ಮಾರುವವರಿಗೆ ಮೊದಲೇ ಹೇಳಿ. ಆಮೇಲೆ ಕೊರೆದರೆ ಕೊರೆದ ಅಂಚಿಗೆ ರೆಸಿನ್ ಬಳಿಯಲೇಬೇಕು, ಇಲ್ಲದಿದ್ದರೆ ಗಾಜಿನ ನಾರು ಬಿಚ್ಚಿಕೊಳ್ಳುತ್ತದೆ. ಆ ವಾಲ್ವ್‌ನ ಕೀಲಿ ಕೆಳಗಿನ ತೋಟದವರ ಕೈಯಲ್ಲಿರಲಿ.

ಸಣ್ಣ ಸೋರಿಕೆಗೆ ಮೇಲ್ಭಾಗದಲ್ಲಿ ಮರದ ಹುಡಿ ಚೆಲ್ಲಿದರೆ ಸಾಕು, ನೀರೇ ಅದನ್ನು ಸಂದಿಗೆ ಒಯ್ಯುತ್ತದೆ.

ತುಲಾಮಳೆ (ಅಕ್ಟೋಬರ್-ನವೆಂಬರಿನ ಹಿಂಗಾರು) ಮುಗಿದು ಹರಿವು ತಗ್ಗಿದ ಮೇಲೆ ಹಾಕಿ, ಪತ್ತನಾಜೆಗೆ (ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಯ ವಾರದ ಸುಮಾರು) ಮುಂಚೆ ತೆಗೆಯಿರಿ. ಮೊದಲ ನೆರೆಯಲ್ಲಿ ಹಲಗೆ ಉಳಿದರೆ ಮರದ ದಿಮ್ಮಿ ಸಿಕ್ಕಿ, ನೀರು ಪಕ್ಕಕ್ಕೆ ತಿರುಗಿ ತೋಟದ ದಂಡೆಯನ್ನೇ ಕೊಚ್ಚುತ್ತದೆ. ತೆಗೆದದ್ದನ್ನು ನೆರಳಲ್ಲಿ, ರಬ್ಬರ್ ಮೇಲೆ ಭಾರ ಬೀಳದಂತೆ ಚಪ್ಪಟೆಯಾಗಿ ಇಡಿ. ಅಮುಕಿಹೋದ ರಬ್ಬರ್ ಮರುವರ್ಷ ಹಿಡಿಯುವುದಿಲ್ಲ.