ಉಗಾಂಡಾದ ಪಾಸ್ಟರ್‌ಗಳಿಗೆ ಬೈಬಲ್ ಕಲಿಸುವ ಎರಡು ವಾರದ ಟ್ರಿಪ್: ಎರಡು ಸಲ ಹೋಗಿ ಬಂದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, 5ಕ್ಕೆ 4 ಕೊಡುತ್ತೇನೆ. ಮೊದಲ ಸಲ ಹೋಗಿ ಬಂದ ವಾರವೇ ಬರೆದಿದ್ದರೆ 2 ಕೊಡುತ್ತಿದ್ದೆ. ನಡುವೆ ಏನು ಬದಲಾಯಿತು ಅನ್ನುವುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಂಥ ಟ್ರಿಪ್‌ಗೆ ಹೋಗಬೇಕು ಅಂದುಕೊಂಡವರು ನಮ್ಮ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಈಗ ಜಾಸ್ತಿ ಇದ್ದಾರೆ, ದುಡ್ಡು ಕಟ್ಟುವ ಮುಂಚೆ ಅವರಿಗೆ ಗೊತ್ತಿರಲಿ.

ಮಸಾಕಾ ಊರಿನ ಸುತ್ತಲಿನ ಹಳ್ಳಿ ಪಾಸ್ಟರ್‌ಗಳಿಗೆ ಬೈಬಲನ್ನು ಸಂದರ್ಭ ನೋಡಿ ಓದುವುದು ಹೇಗೆ, ಓದಿದ್ದರಿಂದ ಪ್ರಸಂಗ, ಅಂದರೆ ಆರಾಧನೆಯ ಉಪದೇಶ, ಕಟ್ಟುವುದು ಹೇಗೆ ಅಂತ ಕಲಿಸುವ ಕಾರ್ಯಕ್ರಮ ಇದು. ನಡೆಸುವುದು ಒಂದು ಸಣ್ಣ ಸಂಸ್ಥೆ. ಬೇರೆ ಬೇರೆ ದೇಶದಿಂದ ನಾಲ್ಕೈದು ಜನ ಕಲಿಸುವವರು ತಮ್ಮ ಖರ್ಚಿನಲ್ಲೇ ಹೋಗುತ್ತಾರೆ. ಉಳಿಯುವ ಜಾಗ, ಊಟ, ಗಾಡಿ, ದುಭಾಷಿ ಇವನ್ನೆಲ್ಲ ಸಂಸ್ಥೆ ನೋಡಿಕೊಳ್ಳುತ್ತದೆ, ಅದಕ್ಕೆ ನಾವು ಮುಂಚೆಯೇ ಒಂದು ಮೊತ್ತ ಕಟ್ಟಬೇಕು. ನಾನು ಹುಬ್ಬಳ್ಳಿಯ ಒಂದು ಕನ್ನಡ ಸಭೆಯಲ್ಲಿ ವರ್ಷಗಳಿಂದ ಬೈಬಲ್ ಕ್ಲಾಸ್ ತೆಗೆದುಕೊಳ್ಳುತ್ತಾ ಬಂದವನು, ಆ ಅನುಭವ ನೋಡಿ ಕರೆದರು.

ದಾರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಂಗಳೂರಿನಿಂದ ಅಡಿಸ್ ಅಬಾಬಾ, ಅಲ್ಲಿಂದ ವಿಕ್ಟೋರಿಯಾ ಸರೋವರದ ದಡದಲ್ಲಿರುವ ಎಂಟೆಬೆ. ಹಳದಿ ಜ್ವರದ ಲಸಿಕೆ ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ ಆಗಿರಬೇಕು. ಆ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ, ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಿನಲ್ಲೂ ಕೇಳುತ್ತಾರೆ. ಮಲೇರಿಯಾ ಮಾತ್ರೆಯನ್ನು ಡಾಕ್ಟರ್ ಕೇಳಿ ತೆಗೆದುಕೊಳ್ಳಿ. ಅಲ್ಲಿನ ಪ್ಲಗ್ ಚಪ್ಪಟೆ ಮೂರು ಪಿನ್ನಿನದು, ನಮ್ಮ ಚಾರ್ಜರ್ ಕೂರುವುದಿಲ್ಲ, ಅಡಾಪ್ಟರ್ ಬೇಕು. ಕಂಪಾಲಾದಿಂದ ಮಸಾಕಾ ಸುಮಾರು 130 ಕಿಲೋಮೀಟರ್, ನಡುವೆ ಕಯಾಬ್ವೆ ಅನ್ನುವ ಕಡೆ ಭೂಮಧ್ಯರೇಖೆ ದಾಟುತ್ತೀರಿ. ಊಟಕ್ಕೆ ಮಟೋಕೆ, ಅಂದರೆ ಬಾಳೆಕಾಯಿಯನ್ನು ಸುಲಿದು ಬಾಳೆ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿ ಹಿಸುಕಿದ್ದು. ಅದರ ಮೇಲೆ ಶೇಂಗಾ ಸಾರು. ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ತಿಂದು ಬೆಳೆದ ನನಗೆ ಅದು ಎರಡೇ ದಿನಕ್ಕೆ ಹಿಡಿಸಿತು. ಊಟ, ವಸತಿ ಎರಡಕ್ಕೂ ಪೂರ್ತಿ ಅಂಕ.

ಈಗ ಕ್ಲಾಸಿನ ವಿಷಯ. ತಗಡಿನ ಚಾವಣಿಯ ಚರ್ಚು, ಬೆಂಚುಗಳು, 32 ಜನ. ಅವರಲ್ಲಿ ಐದು ಜನ ಹೆಣ್ಣುಮಕ್ಕಳು. ಹೆಚ್ಚಿನವರು ಕಾಫಿ, ಬಾಳೆ ಬೆಳೆಯುವ ರೈತರು, ಇಬ್ಬರು ಬೋಡಾ ಬೋಡಾ ಅಂದರೆ ಬಾಡಿಗೆ ಬೈಕು ಓಡಿಸುವವರು. ಇಡೀ ವಾರ ದುಡಿದು ಭಾನುವಾರ ಪ್ರಸಂಗ ಮಾಡುತ್ತಾರೆ. ಯಾರೂ ಬೈಬಲ್ ಕಾಲೇಜಿಗೆ ಹೋದವರಲ್ಲ. ಕೆಲವರು ಇಪ್ಪತ್ತು ಕಿಲೋಮೀಟರ್ ಸೈಕಲ್ ತುಳಿದು ಬರುತ್ತಿದ್ದರು. ಅವರ ಕೈಯಲ್ಲಿದ್ದ, ಅಲ್ಲಿನ ಭಾಷೆಯಾದ ಲುಗಾಂಡಾದ ಬೈಬಲ್ ನೋಡಿದರೇ ಗೊತ್ತಾಗುತ್ತಿತ್ತು ಎಷ್ಟು ಓದಿದ್ದಾರೆ ಅಂತ, ಮೂಲೆಗಳೆಲ್ಲ ಸವೆದುಹೋಗಿದ್ದವು. ಲುಗಾಂಡಾದಲ್ಲಿ ಪೂರ್ತಿ ಬೈಬಲ್ ಬಂದದ್ದು 1896ರಲ್ಲಿ. ಗೆದ್ದಲು ತಿನ್ನಬಾರದು ಅಂತ ಬಿಸ್ಕತ್ ಡಬ್ಬಿಯೊಳಗೆ ಕೂರುವ ಅಳತೆಗೆ ಅದನ್ನು ಅಚ್ಚು ಹಾಕಿಸಿದ್ದರು ಅನ್ನುವ ವಿಷಯ ಅಲ್ಲೇ ನನಗೆ ತಿಳಿದದ್ದು.

ಮೊದಲ ದಿನ ಎಲ್ಲರಿಗೂ ಇಷ್ಟವಾದ ವಚನ ಹೇಳಿ ಅಂದೆ. ಅರ್ಧಕ್ಕಿಂತ ಜಾಸ್ತಿ ಜನ ಯೆರೆಮೀಯ 29:11 ಅಂದರು. ಒಳ್ಳೆಯ ಭವಿಷ್ಯ ಕೊಡುತ್ತೇನೆ ಅಂತ ದೇವರು ಹೇಳುವ ಮಾತು ಅದು. ನಮ್ಮ ಕಡೆಯೂ ಎಷ್ಟೋ ಮನೆಗಳ ಕ್ಯಾಲೆಂಡರಿನಲ್ಲಿ ಇದೇ ಇರುತ್ತದೆ, ಅಲ್ವಾ? ಈ ವಚನ ಇರುವುದು ಒಂದು ಪತ್ರದಲ್ಲಿ. ಅದು ಯಾರಿಗೆ ಬರೆದದ್ದು ಅಂತ ಕೇಳಿ, ಅಧ್ಯಾಯದ ಮೊದಲ ವಚನದಿಂದ ಓದಿಸಿದೆ. ಊರು ಬಿಟ್ಟು ಬಾಬೆಲಿಗೆ ಸೆರೆಯಾಗಿ ಹೋದ ಯೆಹೂದ್ಯರಿಗೆ ಬರೆದದ್ದು. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ ಅನ್ನುತ್ತದೆ. ಊರಿಗೆ ಮರಳುವುದು 70 ವರ್ಷ ಆದ ಮೇಲೆ ಅನ್ನುವ ಲೆಕ್ಕ ಹತ್ತನೇ ವಚನದಲ್ಲಿ ಬರುತ್ತದೆ. ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಒಬ್ಬ ಹಿರಿಯ ಪಾಸ್ಟರ್ ಎದ್ದು ನಿಂತು, ಹಾಗಾದರೆ ಈ ಪತ್ರ ಓದಿಸಿಕೊಂಡವರಲ್ಲಿ ಎಷ್ಟೋ ಜನ ಊರಿಗೆ ಮರಳದೇ ಸತ್ತರು ಅಂದರು. ಆ ಒಂದು ಮಾತಿನಲ್ಲಿ ನಾನು ಮೂರು ದಿನ ಕಲಿಸಬೇಕು ಅಂದುಕೊಂಡಿದ್ದೆಲ್ಲ ಇತ್ತು.

ಅವರಿಗೆ ಗೊತ್ತಿದ್ದು ನನಗೆ ಗೊತ್ತಿಲ್ಲದ್ದೂ ಬಹಳ ಇತ್ತು. ಮತ್ತಾಯ 20ರಲ್ಲಿ ತಡವಾಗಿ ಬಂದವರಿಗೂ ಯಜಮಾನ ಪೂರ್ತಿ ದಿನದ ಕೂಲಿ ಕೊಡುವ ದ್ರಾಕ್ಷಿ ತೋಟದ ಕಥೆ ಬರುತ್ತದಲ್ಲ, ಅದರ ಇಂಗ್ಲಿಷ್ ಅನುವಾದಗಳಲ್ಲಿ ಮೂರನೇ ತಾಸು, ಹನ್ನೊಂದನೇ ತಾಸು ಅಂತ ಇರುತ್ತದೆ. ಅದನ್ನು ವಿವರಿಸಲು ನಾನು ಒಂದು ದೊಡ್ಡ ಚಾರ್ಟ್ ಬರೆದುಕೊಂಡು ಹೋಗಿದ್ದೆ. ಬೇಕೇ ಆಗಲಿಲ್ಲ. ಲುಗಾಂಡಾದಲ್ಲಿ ಇವತ್ತಿಗೂ ಬೆಳಿಗ್ಗೆ ಆರರಿಂದಲೇ ತಾಸು ಎಣಿಸುತ್ತಾರೆ. ನಮ್ಮ ಮಧ್ಯಾಹ್ನ ಹನ್ನೆರಡು ಅವರಿಗೆ ಆರನೇ ತಾಸು, ನಮ್ಮ ಸಂಜೆ ಐದು ಅವರಿಗೆ ಹನ್ನೊಂದು. ಕತ್ತಲಾಗಲು ಒಂದೇ ತಾಸು ಇರುವಾಗ ಯಾರು ಕೂಲಿಗೆ ಕರೆಯುತ್ತಾರೆ, ಆ ಯಜಮಾನನ ಮನಸ್ಸು ಎಂಥದು ಅಂತ ಅವರೇ ನನಗೆ ಹೇಳಿದರು. ದಿನಗೂಲಿಗೆ ಕಾದು ನಿಂತ ಅನುಭವ ಅವರಲ್ಲಿ ಹಲವರಿಗೆ ಇತ್ತು.

ಇನ್ನೊಂದು ದಿನ ಆಗಸ್ಟೀನನ ಬಗ್ಗೆ ಹೇಳಿದೆ. ಬೈಬಲನ್ನು ಹೇಗೆ ಓದಿ ಅರ್ಥ ಮಾಡಬೇಕು ಅಂತ ಒಂದು ಪುಸ್ತಕವನ್ನೇ ಬರೆದ ಈ ಮನುಷ್ಯ ಹುಟ್ಟಿದ್ದು 354ರಲ್ಲಿ, ಈಗಿನ ಅಲ್ಜೀರಿಯಾದಲ್ಲಿ. ಅವನಿಗಿಂತ ಮುಂಚಿನ ಬೈಬಲ್ ವಿದ್ವಾಂಸ ಒರಿಗೆನ್ ಈಜಿಪ್ಟಿನ ಅಲೆಕ್ಸಾಂಡ್ರಿಯದವನು. ಅಂದರೆ ಈ ವಿದ್ಯೆ ಆಫ್ರಿಕಾಕ್ಕೆ ಹೊರಗಿನಿಂದ ಬಂದದ್ದಲ್ಲ, ಅಲ್ಲಿಂದಲೇ ಹೊರಗೆ ಹೋದದ್ದು. ಒಬ್ಬರು ಆ ಎರಡು ಹೆಸರನ್ನೂ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ತಿರುಗಿಸಿ ಬರೆದುಕೊಂಡರು.

ಹಾಗಾದರೆ ಮೊದಲ ಸಲಕ್ಕೆ 2 ಯಾಕೆ? ಕರೆದುಕೊಂಡು ಹೋದದ್ದು ಮಾರ್ಚಿನಲ್ಲಿ. ಮಾರ್ಚಿನಿಂದ ಮೇವರೆಗೆ ಅಲ್ಲಿ ಮಳೆಗಾಲ, ಬಿತ್ತನೆ ಸಮಯ. ರೈತರನ್ನು ಹತ್ತು ದಿನ ಬೆಂಚಿನ ಮೇಲೆ ಕೂರಿಸುವ ಕಾಲ ಅದಲ್ಲ. ದಿನಾ ಏಳೆಂಟು ಜನ ಬರುತ್ತಿರಲಿಲ್ಲ, ಬಂದವರ ಮನಸ್ಸು ಹೊಲದಲ್ಲಿ. ಮಳೆ ತಗಡಿನ ಮೇಲೆ ಬಿದ್ದರೆ ಒಂದು ಮಾತೂ ಕೇಳಿಸದೆ ಸುಮ್ನೆ ಕೂರಬೇಕಿತ್ತು. ದುಭಾಷಿ ಒಳ್ಳೆಯ ಹುಡುಗ, ಇಂಗ್ಲಿಷ್ ಚೆನ್ನಾಗಿತ್ತು, ಆದರೆ ಬೈಬಲ್ ಪರಿಚಯ ಕಡಿಮೆ. ಸಂದರ್ಭ ಅನ್ನುವ ಒಂದೇ ಮಾತಿಗೆ ದಿನಕ್ಕೊಂದು ಪದ ಬಳಸುತ್ತಿದ್ದ ಅಂತ ನನಗೆ ತಿಳಿದದ್ದು ನಾಲ್ಕನೇ ದಿನ. ಅವನದು ತಪ್ಪಲ್ಲ, ಯಾರೂ ಅವನ ಜೊತೆ ಮುಂಚೆ ಕೂತು ತಯಾರಿ ಮಾಡಿರಲಿಲ್ಲ. ವರ್ಕ್‌ಬುಕ್ಕಿನ ಉದಾಹರಣೆಗಳಲ್ಲಿ ಆಫೀಸು, ಲಿಫ್ಟು, ಕ್ರೆಡಿಟ್ ಕಾರ್ಡು. ಕೊನೆಯ ಅರ್ಧ ದಿನ ಸರ್ಟಿಫಿಕೇಟಿಗೆ, ಫೋಟೋಗೆ ಹೋಯಿತು. ಎಲ್ಲಕ್ಕಿಂತ ನನಗೆ ನೋವಾಗಿದ್ದು ಬೇರೆ. ಮುಂದಿನ ವರ್ಷ ಬೇರೆ ಜಿಲ್ಲೆ, ಬೇರೆ ಪಾಸ್ಟರ್‌ಗಳು ಅಂತ ಯೋಜನೆ ಇತ್ತು. ಹಾಗೆ ಮಾಡಿದರೆ ಸಂಖ್ಯೆ ಬೆಳೆಯುತ್ತದೆ ನಿಜ. ಆದರೆ ಎರಡು ವಾರದಲ್ಲಿ ಯಾರೂ ಓದುವ ಅಭ್ಯಾಸ ಬದಲಾಯಿಸಿಕೊಳ್ಳುವುದಿಲ್ಲ. ನಾನಂತೂ ನನ್ನದನ್ನು ಬದಲಾಯಿಸಿಕೊಳ್ಳಲು ವರ್ಷಗಟ್ಟಲೆ ತೆಗೆದುಕೊಂಡಿದ್ದೇನೆ.

ಇದನ್ನೆಲ್ಲ ನಾಲ್ಕು ಪುಟ ಬರೆದು ಕಳಿಸಿದೆ. ಜೊತೆಗೆ ಬಂದಿದ್ದ ಬೇರೆಯವರೂ ಬರೆದರು, ಪಾಸ್ಟರ್‌ಗಳೂ ಹೇಳಿದರು. ಸಂಸ್ಥೆಯವರು ಕೇಳಿಸಿಕೊಂಡರು. ಎರಡನೇ ಸಲ ಜುಲೈನಲ್ಲಿ ಕರೆದರು, ಅದೇ ಜನರನ್ನು ಕರೆಸಿದರು, 27 ಜನ ಬಂದರು. ದುಭಾಷಿ ಈ ಸಲ ಸ್ವತಃ ಪಾಸ್ಟರ್, ಎರಡು ದಿನ ಮುಂಚೆ ನಮ್ಮ ಜೊತೆ ಕೂತು ಪದಗಳ ಪಟ್ಟಿ ಮಾಡಿಕೊಂಡರು. ನಡುವಿನ ತಿಂಗಳುಗಳಲ್ಲಿ ಪಾಸ್ಟರ್‌ಗಳು ಐದಾರು ಜನರ ಗುಂಪು ಮಾಡಿಕೊಂಡು ತಿಂಗಳಿಗೊಮ್ಮೆ ಸೇರಿ ಒಂದು ಅಧ್ಯಾಯ ಓದಿ ಚರ್ಚಿಸಿದ್ದರು. ಈ ಗುಂಪಿನ ಯೋಚನೆ ಅವರದೇ. ಕಾರ್ಯಕ್ರಮದಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದೂ ಅದೇ ಅಂತ ನನ್ನ ಅಭಿಪ್ರಾಯ.

ಆ ಭಾನುವಾರ ಹಿಂದಿನ ಬೆಂಚಿನ ಆ ಹಿರಿಯರ ಊರಿಗೆ ಆರಾಧನೆಗೆ ಹೋದೆ. ಅವರು ಯೆರೆಮೀಯ 29ನ್ನು ಮೊದಲ ವಚನದಿಂದ ಓದಿ ಪ್ರಸಂಗ ಮಾಡಿದರು. ಮಗನ ಕೆಲಸಕ್ಕೆ, ಕಾಯಿಲೆ ವಾಸಿಯಾಗುವುದಕ್ಕೆ ನಾಳೆಯೇ ಉತ್ತರ ಬರುತ್ತದೆ ಅಂತ ನಾನು ನಿಮಗೆ ಹೇಳುತ್ತಿದ್ದೆ, ದೇವರು ಹಾಗೆ ಹೇಳಿಲ್ಲ, ಕ್ಷಮಿಸಿ ಅಂದರು. ಕಾಫಿ ಗಿಡ ನೆಟ್ಟವನು ಮರುದಿನ ಹಣ್ಣು ಹುಡುಕುವುದಿಲ್ಲ, ಆದರೂ ನೆಡುತ್ತಾನೆ ಅಂದರು. ಪಕ್ಕದಲ್ಲಿದ್ದವರು ಪಿಸುಮಾತಿನಲ್ಲಿ ಇಂಗ್ಲಿಷ್ ಮಾಡಿ ಹೇಳುತ್ತಿದ್ದಾಗ ನನ್ನ ಕಣ್ಣು ತುಂಬಿತು. ಹೊರಗೆ ಬಂದು ಕೈ ಹಿಡಿದು ವೆಬಾಲೆ ಸ್ಸೆಬೊ ಅಂದೆ, ಅಂದರೆ ಧನ್ಯವಾದ ಅಯ್ಯಾ. ಅಷ್ಟೇ ಲುಗಾಂಡಾ ನನಗೆ ಬರುವುದು.

ಒಂದು ಅಂಕ ಕಡಿಮೆ ಕೊಟ್ಟದ್ದು ಪುಸ್ತಕಗಳಿಗೆ. 70 ಆಫ್ರಿಕನ್ ವಿದ್ವಾಂಸರು ಸೇರಿ ಬರೆದ ಆಫ್ರಿಕಾ ಬೈಬಲ್ ಕಾಮೆಂಟರಿ 2006ರಲ್ಲೇ ಬಂದಿದೆ, ಒಂದೇ ಸಂಪುಟ, ತುಂಬ ಉಪಯೋಗಕ್ಕೆ ಬರುತ್ತದೆ. ಎರಡು ಪ್ರತಿ ಹೊತ್ತುಕೊಂಡು ಹೋಗಿದ್ದೆ. ಆದರೆ ಇಂಗ್ಲಿಷ್ ಸಲೀಸಾಗಿ ಓದುವವರು ನಮ್ಮ ಕ್ಲಾಸಿನಲ್ಲಿ ಅರ್ಧ ಜನವೂ ಇಲ್ಲ. ವರ್ಕ್‌ಬುಕ್ಕನ್ನಾದರೂ ಲುಗಾಂಡಾದಲ್ಲಿ ಮಾಡಿಕೊಡಿ ಅಂತ ಎರಡು ಸಲವೂ ಕೇಳಿದೆವು, ಇನ್ನೂ ಆಗಿಲ್ಲ.

ಇನ್ನೊಂದು ಪ್ರಶ್ನೆ ಹೋಗುವವರೆಲ್ಲ ಕೇಳಿಕೊಳ್ಳಬೇಕು. ನನ್ನ ಟಿಕೆಟ್ ದುಡ್ಡಿನಲ್ಲಿ ಅಲ್ಲಿಯವರೇ ಒಬ್ಬರು ಎಷ್ಟು ದಿನ ಕಲಿಸಬಹುದು? ಮುಕೊನೋದ ಬಿಷಪ್ ಟಕ್ಕರ್ ಕಾಲೇಜು 1913ರಲ್ಲೇ ಶುರುವಾಗಿ ಈಗ ಉಗಾಂಡಾ ಕ್ರಿಶ್ಚಿಯನ್ ಯೂನಿವರ್ಸಿಟಿ ಆಗಿದೆ, ಅಂದರೆ ಓದಿದವರು ಆ ದೇಶದಲ್ಲೇ ಇದ್ದಾರೆ. ಎರಡನೇ ಸಲ ಅರ್ಧ ಪಾಠಗಳನ್ನು ಉಗಾಂಡಾದವರೇ ತೆಗೆದುಕೊಂಡರು, ನಮ್ಮದಕ್ಕಿಂತ ಚೆನ್ನಾಗಿತ್ತು. ಆ ಪಾಲು ಬೆಳೆಯುತ್ತಾ ಹೋಗಬೇಕು. ನೀವು ಯಾವ ಸಂಸ್ಥೆಯ ಜೊತೆ ಹೋದರೂ ಸರಿ, ಮುಂದಿನ ವರ್ಷ ಇದೇ ಜನರ ಹತ್ತಿರ ಬರುತ್ತೀರಾ, ಅಲ್ಲಿಯವರು ಎಷ್ಟು ಜನ ಕಲಿಸುತ್ತಾರೆ, ಈ ಎರಡನ್ನು ಕೇಳಿ ಆಮೇಲೆ ದುಡ್ಡು ಕಟ್ಟಿ.

ಜನವರಿಯಲ್ಲಿ ಮೂರನೇ ಸಲ ಹೊರಟಿದ್ದೇನೆ. ಯಾವ ಪುಸ್ತಕ ಓದೋಣ ಅಂತ ಈ ಸಲ ಅವರನ್ನೇ ಕೇಳಿದೆವು. ಯೋಬ ಅಂದರು, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು ನರಳಿದವನ ಪುಸ್ತಕ. ಸಾವಿನ ಮನೆಗೆ ಹೋದಾಗ ಏನು ಹೇಳಬೇಕು ಅಂತ ತಿಳಿಯುವುದಿಲ್ಲ, ಅದಕ್ಕೆ. 42 ಅಧ್ಯಾಯ, ಹತ್ತು ದಿನ. ನಾನು ಈಗಲೇ ಓದಲು ಕೂತಿದ್ದೇನೆ.